ಕಡಿಮೆ ಶುಲ್ಕದ ಗೋಡೆ

ನನ್ನ ಗಂಡ ಗೋಡೆಯ ಮೇಲೆ ಅಕ್ಷರ ಬರೆಯುವವರು. ನಾನು ಆ ಅಕ್ಷರಗಳಿಗೆ ಬಣ್ಣ ತುಂಬುವವಳು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ನಡುವೆ ಮೀಟಿ ಬಿಟ್ಟರೆ ಗೋಡೆಯ ಮೇಲೆ ನೇರವಾದ ಗೆರೆ ಬೀಳುತ್ತದೆ. ಆ ಗೆರೆ ಹಿಡಿದು ಅವರು ಅಕ್ಷರದ ಅಂಚು ಎಳೆಯುತ್ತಾ ಹೋಗುತ್ತಾರೆ, ನಾನು ಹಿಂದಿನಿಂದ ಅದರ ಹೊಟ್ಟೆ ತುಂಬುತ್ತಾ ಹೋಗುತ್ತೇನೆ. ಸಿಮೆಂಟು, ಬನಿಯನ್ನು, ಹಲ್ಲಿನ ಡಾಕ್ಟರು, ಕಾಲೇಜು, ಯಾವುದಾದರೂ ಸರಿ. ಮದುವೆಯಾದಾಗಿನಿಂದ ಇದೇ ಕೆಲಸ. ನಾನಾಗಿ ಒಂದು ಅಕ್ಷರದ ಅಂಚು ಎಳೆದವಳಲ್ಲ, ಅವರು ಬಿಟ್ಟವರೂ ಅಲ್ಲ. "ನಿನ್ನದು ಸಿಟ್ಟಿನ ಕೈ, ಗೆರೆ ನಿಲ್ಲಲ್ಲ" ಅನ್ನುತ್ತಾರೆ. ಸಿಟ್ಟು ಇರುವುದು ನಿಜ. ಅದು ಯಾರಿಂದ ಬಂತು ಅಂತ ಮಾತ್ರ ಒಂದು ದಿನವೂ ಕೇಳಿದವರಲ್ಲ.

ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಒಳ್ಳೆಯ ಅಂಕವೇ ಬಂತು. ಚಿಕ್ಕಂದಿನಿಂದ ಬಣ್ಣದ ಡಬ್ಬಗಳ ನಡುವೆ ಬೆಳೆದವಳು. ನೀಲಿಗೆ ಹಳದಿ ಬೆರೆಸಿದರೆ ಹಸಿರಾಗುವುದೇಕೆ, ಟರ್ಪೆಂಟೈನು ಮೂಗಿಗೆ ಹೊಡೆಯುವುದೇಕೆ ಅಂತ ನನ್ನ ತಲೆ ತಿನ್ನುತ್ತಿದ್ದಳು. ನನಗೆ ಗೊತ್ತಿದ್ದರೆ ತಾನೇ ಹೇಳುವುದು? "ಕೆಮಿಸ್ಟ್ರಿ ಓದ್ತೀನಮ್ಮ" ಅಂದಳು. ಓದು ಮಗಳೇ ಅಂದೆ. ನಮ್ಮ ಕೈಗೆ ಎಟುಕುವ ಕಾಲೇಜೊಂದನ್ನು ಹುಡುಕಿದರಾಯಿತು, ಅದೇನು ಮಹಾ ಕೆಲಸ ಅಂದುಕೊಂಡೆ.

ಬೇರೆಯವರು ಕಾಲೇಜು ಹೇಗೆ ಹುಡುಕುತ್ತಾರೋ ನನಗೆ ತಿಳಿಯದು. ನಾವು ಗೋಡೆ ನೋಡಿ ಹುಡುಕಿದೆವು. ಗೋಡೆಯ ಮೇಲಿಲ್ಲದ್ದು ಲೋಕದಲ್ಲೇ ಇಲ್ಲ ಅನ್ನುವ ಹಾಗೆ ಬದುಕಿದ ಜನ ನಾವು. ಊರಿನ ಯಾವ ಕಾಲೇಜಿನ ಹೆಸರು ಯಾವ ಕಾಂಪೌಂಡಿನ ಮೇಲಿದೆ, ಯಾವ ಬಣ್ಣದಲ್ಲಿದೆ, ಎಲ್ಲ ಬಾಯಿಪಾಠ. ಅರ್ಧಕ್ಕರ್ಧ ನಾವೇ ಬರೆದದ್ದು. ಅದರ ಮೇಲೆ ನನ್ನ ಗಂಡನದೊಂದು ಸಿದ್ಧಾಂತ ಬೇರೆ.

"ನೋಡೇ, ಆಯಿಲ್ ಪೇಂಟಲ್ಲಿ ಬರೆಸೋ ಕಾಲೇಜಿನ ಸಹವಾಸ ಬೇಡ. ಆ ಬಣ್ಣದ ದುಡ್ಡು ಎಲ್ಲಿಂದ ಬರುತ್ತೆ? ಮಕ್ಕಳ ಫೀಸಿಂದ. ಡಿಸ್ಟೆಂಪರಲ್ಲಿ ಬರೆಸೋರು ಕೈ ಬಿಗಿ ಹಿಡಿಯೋ ಜನ. ಅಂಥೋರು ಮಕ್ಕಳ ಹತ್ರಾನೂ ಜಾಸ್ತಿ ಕೀಳಲ್ಲ."

ಡಿಸ್ಟೆಂಪರು ಅಂದರೆ ನೀರಿನಲ್ಲಿ ಕಲಸುವ ಅಗ್ಗದ ಬಣ್ಣ. ಒಂದೆರಡು ಮಳೆಗಾಲ ಕಳೆದರೆ ಮಾಸುತ್ತದೆ, ಒದ್ದೆ ಬಟ್ಟೆಯಲ್ಲಿ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ. ಆಯಿಲ್ ಪೇಂಟು ಹಾಗಲ್ಲ, ಒಣಗಿತು ಅಂದರೆ ಕೆರೆದರೂ ಹೋಗುವುದಿಲ್ಲ. ಅವರು ಹೇಳಿದ್ದು ನನಗೂ ಸರಿಯೆನಿಸಿತು. ಇಬ್ಬರೂ ಸೇರಿ ತಲೆದೂಗಿದೆವು.

ಹಾಗೆ ಸಿಕ್ಕಿದ್ದೇ ಆ ದೀಪದ ಕಾಲೇಜು. ಹೆಸರಿನ ಪಕ್ಕದಲ್ಲಿ ಉರಿಯುವ ದೀಪದ ಚಿತ್ರವಿತ್ತು, ಅದಕ್ಕೇ ನಮ್ಮ ಮನೆಯಲ್ಲಿ ಅದು ದೀಪದ ಕಾಲೇಜು. ಬಸ್ ನಿಲ್ದಾಣದ ಎದುರಿನ ನೀರಿನ ಟ್ಯಾಂಕಿನ ಗೋಡೆಗೆ ಅದರ ಜಾಹೀರಾತು ಬರೆದವರು ನಾವೇ. ಮೇಲೆ ಹೆಸರು, ಕೆಳಗೆ ದೊಡ್ಡದಾಗಿ 'ಕಡಿಮೆ ಶುಲ್ಕ, ಉನ್ನತ ಶಿಕ್ಷಣ'. ಆ 'ಕಡಿಮೆ ಶುಲ್ಕ'ಕ್ಕೆ ಕೆಂಪು ತುಂಬಿದ್ದು ಈ ಕೈ. ಕಾಲೇಜಿನ ಮಾಲೀಕರು, ಎಲ್ಲರೂ ಚೇರ್ಮನ್ನರು ಅನ್ನುತ್ತಿದ್ದರು, ಅವತ್ತು ಕಾರಿನ ಕಿಟಕಿ ಇಳಿಸಿ ಹೇಳಿದ್ದರು: "ಡಿಸ್ಟೆಂಪರ್ ಸಾಕಪ್ಪ. ಒಂದು ವರ್ಷ ನಿಂತ್ರೆ ಸಾಕು."

ನನ್ನ ಗಂಡ ಕರಗಿ ನೀರಾದರು. "ನೋಡಿದ್ಯಾ, ಎಂಥ ಸರಳ ಮನುಷ್ಯ" ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು. ಒಂದು ವರ್ಷ ಯಾಕೆ ಸಾಕು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಏಣಿಯ ನಡುವಿನ ಮೆಟ್ಟಿಲು ಮುರಿದು ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದೆವು. ಹೊಸ ಕಬ್ಬಿಣದ ಏಣಿಗೆ ಅಂತ ಎತ್ತಿಟ್ಟ ಹಣವನ್ನು ದೀಪದ ಕಾಲೇಜಿಗೆ ಕಟ್ಟಿ ಮಗಳನ್ನು ಸೇರಿಸಿದೆವು. ಆಫೀಸಿನ ಗುಮಾಸ್ತ ಅವಳ ಮಾರ್ಕ್ಸ್ ಕಾರ್ಡಿನ ಅಸಲು ತೆಗೆದುಕೊಂಡು ತನ್ನ ಬೆನ್ನ ಹಿಂದಿನ ಹಸಿರು ಬೀರುವಿನಲ್ಲಿ ಇಟ್ಟ. "ಸೇಫಾಗಿರುತ್ತಮ್ಮ" ಅಂದ. ಸೇಫಾಗೇ ಇತ್ತು, ನಮ್ಮಿಂದ.

ತರಗತಿ ಶುರುವಾಗಿ ತಿಂಗಳಾಗಿತ್ತು. ಮಗಳು ಲ್ಯಾಬಿಗೆ ಬೀಗ ಹಾಕಿದ್ದಾರೆ, ಮೇಷ್ಟ್ರು ಸರಿಯಾಗಿ ಬರುತ್ತಿಲ್ಲ ಅನ್ನುತ್ತಿದ್ದಳು. ಹೊಸದರಲ್ಲಿ ಎಲ್ಲ ಹಾಗೇ ಅಂತ ನಾನೇ ಬಾಯಿ ಮುಚ್ಚಿಸುತ್ತಿದ್ದೆ. ಅಷ್ಟರಲ್ಲಿ ಕಾಲೇಜಿನಿಂದ ಫೋನು ಬಂತು, ಮಗಳ ವಿಷಯಕ್ಕಲ್ಲ, ಕೆಲಸಕ್ಕೆ. ಮುಂದಿನ ಗೋಡೆಗೆ ಸುಣ್ಣ ಬಳಿದು ಹೊಸದಾಗಿ ಹೆಸರು ಬರೆಯಬೇಕು, ಗೇಟಿಗೆ ಕೆಂಪು ಆಯಿಲ್ ಪೇಂಟು ಹೊಡೆಯಬೇಕು, ಬೆಳಿಗ್ಗೆಯೇ ಬನ್ನಿ, ಹೊಸ ಪೋಷಕರು ಬರುವವರಿದ್ದಾರೆ. ನಮ್ಮ ಮಗಳ ಕಾಲೇಜು, ಚೆನ್ನಾಗಿ ಮಾಡಿಕೊಡೋಣ ಅಂತ ಗಂಡ ಒಳ್ಳೆಯ ಬ್ರಷ್ಷುಗಳನ್ನೇ ಚೀಲಕ್ಕೆ ಹಾಕಿಕೊಂಡರು.

ಬೆಳಿಗ್ಗೆ ಹೋಗಿ, ಹಳೆಯ ಹೆಸರಿನ ಮೇಲೆ ಸುಣ್ಣ ಬಳಿದೆವು. ಡಿಸ್ಟೆಂಪರಾದ್ದರಿಂದ ತಕರಾರಿಲ್ಲದೆ ಮುಚ್ಚಿಕೊಂಡಿತು. ದೀಪವೂ ಹೋಯಿತು. ಗೋಡೆ ಅಚ್ಚ ಬಿಳಿಯಾಗಿ ಒಣಗುತ್ತಿರುವಾಗ ಗುಮಾಸ್ತ ಒಂದು ಚೀಟಿ ತಂದು ಗಂಡನ ಕೈಗಿಟ್ಟ. ಅದರಲ್ಲಿದ್ದದ್ದು ಬೇರೆ ಹೆಸರು. ದೀಪದ ಜಾಗದಲ್ಲಿ ಭೂಗೋಳದ ಚಿತ್ರ.

"ಇದೇನು ಸಾರ್, ಹೆಸರು ಬದಲಾಯ್ತಾ?" ಅಂದರು ಇವರು.

"ಹೌದು. ಹಳೇ ಹೆಸರಿಗೆ ಯೂನಿವರ್ಸಿಟಿಯವರು ಪರ್ಮಿಷನ್ ವಾಪಸ್ ತಗೊಂಡ್ರು. ಈಗ ಇದು ಹೊಸ ಕಾಲೇಜು. ಹೊಸ ಅಡ್ಮಿಷನ್."

ನಾನು ಏಣಿಯ ಮೇಲಿದ್ದೆ. ಅಲ್ಲಿಂದಲೇ ಕೇಳಿದೆ. "ಹಾಗಾದ್ರೆ ಹಳೇ ಮಕ್ಕಳು?"

"ಅವರೂ ಹೊಸದಾಗಿ ಸೇರಬೇಕಮ್ಮ. ಫೀಸು ಬೇರೆ ಆಗುತ್ತೆ."

"ಕಟ್ಟಿರೋದು?"

"ಅದು ಹಳೇ ಕಾಲೇಜಿಗೆ ಕಟ್ಟಿದ್ದು. ಹಳೇ ಕಾಲೇಜಿಗೂ ನಮಗೂ ಸಂಬಂಧ ಇಲ್ಲ."

ಹೀಗೆ ಹೇಳಿ ಆ ಮಹಾನುಭಾವ ಒಳಗೆ ಹೋಗಿ ಅದೇ ಕುರ್ಚಿಯ ಮೇಲೆ ಕುಳಿತ. ನನ್ನ ಪಿತ್ತ ನೆತ್ತಿಗೇರಿತು. ಕೈಗೆ ಮೆತ್ತಿದ ಸುಣ್ಣವನ್ನೂ ತೊಳೆಯದೆ ಅವನ ಹಿಂದೆಯೇ ನುಗ್ಗಿದೆ. ನನ್ನ ಗಂಡ "ಏ ಇವಳೇ, ತಾಳು" ಅನ್ನುತ್ತಾ ಹಿಂಬಾಲಿಸಿದರು. ತಾಳಿ ತಾಳಿ ಈ ಗತಿ ಬಂದದ್ದು.

"ಕುರ್ಚಿ ಅದೇ, ಫ್ಯಾನು ಅದೇ, ಕೂತಿರೋ ನೀನೂ ಅವನೇ" ಅಂದೆ. "ಸಂಬಂಧ ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀಯಪ್ಪ?"

"ನಾನು ಸಂಬಳಕ್ಕಿರೋನಮ್ಮ. ನನ್ನ ಮೇಲೆ ಕೂಗಾಡಬೇಡಿ."

ಅಷ್ಟರಲ್ಲಿ ಗಲಾಟೆ ಕೇಳಿ ಮಗಳು ಮೊಗಸಾಲೆಯಿಂದ ಓಡಿ ಬಂದಳು. ಅವಳಿಗೆ ಆಗಲೇ ಗೊತ್ತಾಗಿತ್ತು, ಅವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಹೇಳಿದ್ದರಂತೆ. ಕಣ್ಣು ಕೆಂಪಾಗಿತ್ತು. ನನ್ನನ್ನು ಪಕ್ಕಕ್ಕೆ ಎಳೆದು ಹೇಳಿದಳು.

"ಅಮ್ಮ, ಬಸ್ ಡಿಪೋ ಹಿಂದೆ ಸರ್ಕಾರಿ ಕಾಲೇಜು ಇದೆಯಂತೆ. ನನ್ನ ಫ್ರೆಂಡು ಅಲ್ಲೇ ಸೇರಿದಾಳೆ. ಫೀಸು ಇಲ್ಲಿಯ ಹತ್ತರಲ್ಲಿ ಒಂದು ಭಾಗಾನೂ ಇಲ್ಲ. ಲ್ಯಾಬು ಇದೆ. ನಾಳೆ ಸಂಜೆ ತನಕ ಸೇರಿಸ್ಕೋತಾರೆ. ಆದ್ರೆ ಮಾರ್ಕ್ಸ್ ಕಾರ್ಡು ಅಸಲೇ ಬೇಕಂತೆ."

ಡಿಪೋ ಹಿಂದೆ. ಆ ರಸ್ತೆಯಲ್ಲಿ ನಾವು ಎಷ್ಟು ಸಲ ಏಣಿ ಹೊತ್ತುಕೊಂಡು ಹೋಗಿಲ್ಲ? ಡಿಪೋದ ಗೋಡೆಗೆ ಬನಿಯನ್ನು ಬರೆದದ್ದೂ ನಾವೇ. ಅದರ ಹಿಂದೆ ಕಾಲೇಜಿರುವುದು ನಮಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಅದರ ಹೆಸರನ್ನು ಯಾರೂ ಯಾವ ಗೋಡೆಗೂ ಬರೆಸಿರಲಿಲ್ಲ. ಅಲ್ಲೇ ನಿಂತು ನನ್ನ ಹಣೆಗೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು. ಆಮೇಲೆ, ನನ್ನ ಹಣೆ ಯಾಕೆ ಚಚ್ಚಬೇಕು, ಚಚ್ಚಿಸಿಕೊಳ್ಳಬೇಕಾದ ಹಣೆ ಬೇರೆಯೇ ಇದೆ ಅನ್ನಿಸಿತು.

"ಇವಳ ಮಾರ್ಕ್ಸ್ ಕಾರ್ಡ್ ಕೊಡು" ಅಂದೆ ಗುಮಾಸ್ತನಿಗೆ.

"ಅದು ಹಳೇ ಕಾಲೇಜಿನ ಬೀರುವಿನಲ್ಲಿದೆ. ಕೀ ಚೇರ್ಮನ್ನರ ಹತ್ರ ಇದೆ. ಮಧ್ಯದಲ್ಲಿ ಬಿಡೋರು ಪೂರ್ತಿ ಮೂರು ವರ್ಷದ ಫೀಸು ಕಟ್ಟಿ ತಗೊಂಡು ಹೋಗಬೇಕು, ಅದು ರೂಲು."

"ಯಾವ ಕಾಲೇಜಿನ ರೂಲಪ್ಪ ಅದು? ಸಂಬಂಧ ಇಲ್ಲದ ಕಾಲೇಜಿಂದಾ?"

ಕಟ್ಟಿದ ದುಡ್ಡಿಗೆ ಸಂಬಂಧವಿಲ್ಲ, ಕಟ್ಟದ ದುಡ್ಡಿಗೆ ಸಂಬಂಧವಿದೆ. ಹಸಿರು ಬೀರು ಅವನ ಬೆನ್ನ ಹಿಂದೆ, ನನ್ನ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ನನ್ನ ಮಗಳ ಹನ್ನೆರಡು ವರ್ಷದ ಓದು ಅದರೊಳಗೆ ಕುಳಿತಿತ್ತು. ನನ್ನ ಗಂಡ ಎರಡು ಕೈ ಜೋಡಿಸಿ "ಸಾರ್, ಬಡವರು ಸಾರ್" ಅಂತ ಶುರುಮಾಡಿದರು. ಅದನ್ನು ನೋಡಿ ನನ್ನ ಮೈ ಇನ್ನಷ್ಟು ಉರಿಯಿತು. ಅವರ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

"ಯಾರಿಗೆ ಕೈ ಮುಗೀತೀರಿ?" ಅಂದೆ ಗೇಟಿನ ಹತ್ತಿರ. "ಸರಳ ಮನುಷ್ಯ ಅಂದ್ರಲ್ಲ. ಕೈ ಬಿಗಿ ಹಿಡಿಯೋ ಜನ ಅಂದ್ರಲ್ಲ. ಒಂದು ವರ್ಷ ನಿಂತ್ರೆ ಸಾಕು ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ಒರೆಸೋಕೆ ಸುಲಭ ಆಗ್ಲಿ ಅಂತ. ವರ್ಷಕ್ಕೊಂದು ಹೆಸರು, ವರ್ಷಕ್ಕೊಂದಿಷ್ಟು ಮಕ್ಕಳು. ಒರೆಸಿ ಕೊಡೋಕೆ ನಾವು."

ಅವರು ಬಿಳಿಯಾದ ಗೋಡೆಯನ್ನೇ ನೋಡುತ್ತಾ ನಿಂತರು. ದೀಪದ ಜ್ವಾಲೆಗೆ ಹಳದಿ, ಅದರೊಳಗೆ ಕೇಸರಿ ಇಡಬೇಕು ಅಂತ ಅವತ್ತು ಎಷ್ಟು ಆಸೆಪಟ್ಟು ಬರೆದಿದ್ದರು ನನಗೆ ಗೊತ್ತು. ಪಾಪ ಅನ್ನಿಸಿತು. ಆದರೆ ಪಾಪ ಅನ್ನುತ್ತಾ ನಿಲ್ಲುವ ಹೊತ್ತಲ್ಲ ಅದು. ಹೊಸ ಪೋಷಕರು ಆಗಲೇ ಒಬ್ಬೊಬ್ಬರಾಗಿ ಬರತೊಡಗಿದ್ದರು. ಮಕ್ಕಳ ಕೈ ಹಿಡಿದುಕೊಂಡು, ನಮ್ಮ ಹಾಗೆಯೇ, ಬಗಲಲ್ಲಿ ಫೈಲು ಅವುಚಿಕೊಂಡು.

ನಾನು ಬ್ರಷ್ ಎತ್ತಿಕೊಂಡು ಏಣಿ ಹತ್ತಿದೆ. ಕೈಗೆ ಸಿಕ್ಕಿದ್ದು ಹೊಸ ಹೆಸರಿಗೆ ಅಂತ ಕಲಸಿಟ್ಟ ನೀಲಿ ಡಿಸ್ಟೆಂಪರು. ಸುಣ್ಣ ಇನ್ನೂ ಅರ್ಧ ಹಸಿಯಾಗಿತ್ತು. ಗೆರೆಯಿಲ್ಲ, ಅಂಚಿಲ್ಲ, ಬರೆಯಲು ಶುರುಮಾಡಿದೆ. 'ನನ್ನ ಮಗಳ' ಅಂತ ಬರೆಯುವಷ್ಟರಲ್ಲಿ ಮಗಳು ಕೆಳಗೆ ಬಂದು ನಿಂತಳು.

"ಅಮ್ಮ, ಇಳಿ ಕೆಳಗೆ. ಎಲ್ಲಾ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಬರೀತಿರೋದು."

"ಇಳಿ" ಅಂದರು ಗಂಡ. ಅವರ ದನಿ ಬೇರೆಯಾಗಿತ್ತು.

"ಇಳಿಯಲ್ಲ. ಏನು ಮಾಡ್ಕೋತೀರೋ ಮಾಡ್ಕೊಳ್ಳಿ."

"ಅಕ್ಷರ ಎಲ್ಲ ಇಳಿಜಾರಿಗೆ ಹೊರಟಿದೆ ಕಣೇ. ಹಿಂಗೆ ಬರೆದ್ರೆ ಯಾವುದೋ ಹುಚ್ಚಿ ಗೀಚಿದಾಳೆ ಅಂತ ನಗ್ತಾರೆ. ಇಳಿದು ಬಂದು ದಾರ ಹಿಡಿ."

ನಾನು ತಿರುಗಿ ನೋಡಿದೆ. ಅವರ ಒಂದು ಕೈಯಲ್ಲಿ ಸೀಮೆಸುಣ್ಣದ ದಾರ, ಇನ್ನೊಂದು ಕೈಯಲ್ಲಿ ಗೇಟಿಗೆ ಅಂತ ತಂದಿದ್ದ ಕೆಂಪು ಆಯಿಲ್ ಪೇಂಟಿನ ಡಬ್ಬ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯನ ದವಡೆ ಹಾಗೆ ಬಿಗಿದದ್ದನ್ನು ನಾನು ಕಂಡದ್ದೇ ಇಲ್ಲ. ತೆಪ್ಪಗೆ ಇಳಿದೆ.

ಇಳಿಜಾರಿನ ನೀಲಿ ಅಕ್ಷರಗಳ ಮೇಲೆ ಒಂದು ಕೈ ಸುಣ್ಣ ಬಳಿದು, ಅದರ ಕೆಳಗಿನ ಒಣಗಿದ ಜಾಗದಲ್ಲಿ ಗೆರೆ ಹೊಡೆದರು. ನಾನು ಆ ತುದಿ, ಅವರು ಈ ತುದಿ. ಅವರು ಅಂಚು ಎಳೆದುಕೊಂಡು ಹೋದರು, ನಾನು ಕೆಂಪು ತುಂಬಿಕೊಂಡು ಹೋದೆ. ಸಿಮೆಂಟಿನ ಜಾಹೀರಾತಿಗಾದರೆ ಅರ್ಧ ದಿನ ತೆಗೆದುಕೊಳ್ಳುವವರು, ಅವತ್ತು ಅವರ ಕೈ ಓಡುತ್ತಿತ್ತು. 'ನನ್ನ ಮಗಳ ಮಾರ್ಕ್ಸ್ ಕಾರ್ಡ್ ಕೊಡಿ.' ರಸ್ತೆಯ ಆಚೆಯಿಂದಲೂ ಓದುವ ಹಾಗೆ, ಗೇಟಿನಿಂದ ಮೂಲೆಯವರೆಗೆ.

ಒಳಗೆ ಹೋಗುತ್ತಿದ್ದ ಪೋಷಕರು ನಿಂತರು. ಒಬ್ಬ ತಂದೆ, ನೋಡಿದರೆ ಯಾವುದೋ ಗ್ಯಾರೇಜಿನವನು, ಅಂಗಿಯ ತುಂಬ ಗ್ರೀಸಿನ ಕಲೆ, "ಏನಮ್ಮ ಇದು?" ಅಂತ ಕೇಳಿದ. ಹೇಳಿದೆ. ನನಗೆ ಮೆಲ್ಲಗೆ ಹೇಳಲು ಬರುವುದಿಲ್ಲ, ಎಲ್ಲರಿಗೂ ಕೇಳಿಸಿತು. ಅವನು ಕೈಯಲ್ಲಿದ್ದ ಫೈಲನ್ನು ತನ್ನ ಮಗಳ ಕೈಗೆ ಕೊಟ್ಟು, ಅಲ್ಲೇ ನಿಂತುಬಿಟ್ಟ. ಕ್ಲಾಸುಗಳಿಂದ ಹಳೆಯ ಮಕ್ಕಳೂ ಹೊರಗೆ ಬಂದರು. ಯಾರೂ ಕೂಗಲಿಲ್ಲ. ಓದುತ್ತಾ ನಿಂತರು, ಅಷ್ಟೇ.

ಚೇರ್ಮನ್ನರ ಕಾರು ಬಂತು. ಅವರು ಇಳಿದು ಗೋಡೆ ನೋಡಿದರು, ಜನರನ್ನು ನೋಡಿದರು, ಆಮೇಲೆ ನಮ್ಮನ್ನು.

"ಏನಯ್ಯ ಇದು? ನಾನು ಕೊಟ್ಟ ಕೂಲಿಗೆ ಇದನ್ನ ಬರೆದಿದೀಯಾ?"

"ಕೂಲಿ ಇನ್ನೂ ಕೊಟ್ಟಿಲ್ಲ ಸಾರ್" ಅಂದರು ನನ್ನ ಗಂಡ.

ಜನರಲ್ಲಿ ಯಾರೋ ನಕ್ಕರು. ಚೇರ್ಮನ್ನರ ಮುಖ ಕಪ್ಪಿಟ್ಟಿತು. "ಪೊಲೀಸರನ್ನ ಕರೆಸ್ತೀನಿ."

"ಕರೆಸಿ" ಅಂದೆ ನಾನು. "ಅವರಿಗೂ ಓದೋಕೆ ಬರುತ್ತೆ. ಬೀರುವಿನ ಕೀ ತರೋಕೆ ಹೇಳ್ತಾರೆ, ಒಳ್ಳೇದೇ ಆಯ್ತು."

"ಮೊದಲು ಅದನ್ನ ಒರೆಸು. ಆಮೇಲೆ ಮಾತಾಡೋಣ."

"ಡಿಸ್ಟೆಂಪರ್ ಅಲ್ಲ ಸಾರ್, ಆಯಿಲ್ ಪೇಂಟು" ಅಂದರು ಇವರು. ವಿನಯ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. "ಈಗ ಹಸಿ ಇದೆ, ಸೀಮೆಎಣ್ಣೇಲಿ ಒರೆಸಬಹುದು. ಒಣಗಿದ್ರೆ ಗೋಡೇನೇ ಕೆತ್ತಬೇಕು. ಬಿಸಿಲು ಚೆನ್ನಾಗಿದೆ. ಬೇಗ ಒಣಗುತ್ತೆ."

ಗ್ಯಾರೇಜಿನವನು ಮುಂದೆ ಬಂದ. "ಆ ಹುಡುಗಿ ಕಾರ್ಡು ಕೊಡಿ ಸ್ವಾಮಿ. ಆಮೇಲೆ ನಾವು ಒಳಗೆ ಬರೋದೋ ಬೇಡವೋ ನೋಡ್ತೀವಿ." ಅವನ ಹಿಂದಿದ್ದ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕ ನಿಂತಳು.

ಚೇರ್ಮನ್ನರು ಜೇಬಿಗೆ ಕೈ ಹಾಕಿದರು. ಗುಮಾಸ್ತ ಓಡಿ ಬಂದು ಕೀ ತೆಗೆದುಕೊಂಡು ಹೋದ. ಸಂಬಂಧವೇ ಇಲ್ಲದ ಕಾಲೇಜಿನ ಬೀರು ಒಂದೇ ತಿರುವಿಗೆ ತೆರೆದುಕೊಂಡಿರಬೇಕು, ಅಷ್ಟು ಬೇಗ ವಾಪಸ್ ಬಂದ. ಮಗಳು ಕಾರ್ಡು ಹಿಡಿದುಕೊಂಡು ಹೆಸರು ಓದಿದಳು, ಅಂಕ ಓದಿದಳು, ಎದೆಗೆ ಒತ್ತಿಕೊಂಡಳು. ಕಟ್ಟಿದ ಹಣ ಕೇಳಿದೆ. ಚೇರ್ಮನ್ನರು ಕೇಳಿಸದವರ ಹಾಗೆ ನಿಂತರು. ಅದು ಇವತ್ತಿಗೂ ಬಂದಿಲ್ಲ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಸಿಕ್ತಲ್ಲ, ಈಗ ಒರೆಸು" ಅಂದರು ಚೇರ್ಮನ್ನರು.

ನನ್ನ ಗಂಡ ಸೀಮೆಎಣ್ಣೆಯ ಬಟ್ಟೆ ಹಿಡಿದು ಏಣಿ ಹತ್ತಿದರು. ಹಳೆಯ ಮಕ್ಕಳು ಇನ್ನೂ ಮೆಟ್ಟಿಲ ಮೇಲೆ ನಿಂತೇ ಇದ್ದರು. ಅವರ ಕಾರ್ಡುಗಳೂ ಅದೇ ಹಸಿರು ಬೀರುವಿನಲ್ಲಿದ್ದವು. ಇವರು ಒಮ್ಮೆ ಅವರ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ನಾನು ತಲೆಯಾಡಿಸಿದೆ. 'ನನ್ನ ಮಗಳ' ಅನ್ನುವಷ್ಟನ್ನು ಮಾತ್ರ ಚೊಕ್ಕಟವಾಗಿ ಒರೆಸಿ ಇಳಿದು ಬಂದರು.

"ನಮ್ಮದು ಇಷ್ಟೇ ಸಾರ್. ಉಳಿದಿದ್ದು ಅವರದ್ದು."

'ಮಾರ್ಕ್ಸ್ ಕಾರ್ಡ್ ಕೊಡಿ' ಅಂತ ಗೋಡೆ ಹೇಳುತ್ತಲೇ ಇತ್ತು. ನಾವು ಏಣಿ ಹೆಗಲಿಗೇರಿಸಿ ಹೊರಟಾಗ ಆ ಮಕ್ಕಳು ಗೋಡೆಯ ಮುಂದೆ ಸಾಲಾಗಿ ಕೂರುತ್ತಿದ್ದರು. ಬೀರು ಖಾಲಿಯಾಯಿತೋ ಇಲ್ಲವೋ ಗೊತ್ತಿಲ್ಲ, ಸಂಜೆಯ ಹೊತ್ತಿಗೆ ಆ ಬಿಸಿಲಿಗೆ ಪೇಂಟಂತೂ ಒಣಗಿರಲೇಬೇಕು.

ಮರುದಿನ ಡಿಪೋ ಹಿಂದಿನ ಕಾಲೇಜಿಗೆ ಹೋದೆವು. ಗೇಟಿನ ಮೇಲೆ ತಗಡಿನ ಬೋರ್ಡು, ಅರ್ಧ ತುಕ್ಕು. ಒಳಗೆ ಉದ್ದನೆಯ ಹಳೆಯ ಕಟ್ಟಡ, ಲ್ಯಾಬಿನ ಬಾಗಿಲು ತೆರೆದಿತ್ತು, ಹೊರಗೇ ಘಾಟು ಹೊಡೆಯುತ್ತಿತ್ತು. ಮಗಳು ಮೂಗರಳಿಸಿ ನಿಂತಳು. ಆಫೀಸಿನ ಮೇಡಮ್ಮು ಕಾರ್ಡು ನೋಡಿ, "ಇಷ್ಟು ಅಂಕ ತಗೊಂಡು ಇಷ್ಟು ದಿನ ಎಲ್ಲಿದ್ದೆ?" ಅಂದರು. ಕಟ್ಟಬೇಕಾದ್ದನ್ನು ಹೇಳಿದಾಗ, ತಪ್ಪು ಕೇಳಿಸಿತೇನೋ ಅಂತ ನನ್ನ ಗಂಡ ಎರಡು ಸಲ ಕೇಳಿದರು. ಅವತ್ತಿನ ಜೇಬಿನಲ್ಲಿದ್ದದ್ದೇ ಸಾಕಾಯಿತು.

"ಪ್ರತಿ ವರ್ಷ ಅರ್ಧ ಬೆಂಚು ಖಾಲಿ ಇರುತ್ತಮ್ಮ" ಅಂದರು ಮೇಡಮ್ಮು. "ನಾವಿದ್ದೀವಿ ಅಂತ ಯಾರಿಗೂ ಗೊತ್ತೇ ಆಗಲ್ಲ."

"ಗೊತ್ತಾಗೋ ಹಾಗೆ ಒಂದು ಗೋಡೆಗಾದ್ರೂ ಬರೆಸಬಾರದಾ?" ಅಂದೆ. ನನ್ನ ದನಿ ಏರಿತ್ತು. ಖಾಲಿ ಬೆಂಚು. ಇಲ್ಲಿ ಬೆಂಚು ಖಾಲಿ ಬಿದ್ದಿವೆ, ಅಲ್ಲಿ ಮಕ್ಕಳು ಬೀರುವಿನಲ್ಲಿ ಸಿಕ್ಕಿಬಿದ್ದಿದ್ದಾರೆ. ಯಾರನ್ನು ಬೈಯುವುದು?

"ಅದಕ್ಕೆ ಹಣ ಕೊಡಲ್ಲಮ್ಮ ಮೇಲಿನೋರು" ಅಂದು ಅವರು ರಸೀದಿಗೆ ಸೀಲು ಒತ್ತಿದರು.

ಮಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಹೊರಟೆವು. ಮನೆಯ ದಾರಿ ಬಸ್ ನಿಲ್ದಾಣದ ಮುಂದೆಯೇ. ಟ್ಯಾಂಕಿನ ಗೋಡೆಯ ಮೇಲೆ ದೀಪ ಇನ್ನೂ ಉರಿಯುತ್ತಿತ್ತು. ಕೆಳಗೆ ನಾನು ತುಂಬಿದ 'ಕಡಿಮೆ ಶುಲ್ಕ', ಬಲು ಅಂದವಾಗಿ. ಅದರ ಕೆಳಗೆ ಒಬ್ಬ ತಾಯಿ, ಮಗ ನಿಂತು ಫೋನ್ ನಂಬರು ಬರೆದುಕೊಳ್ಳುತ್ತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ. ಆ ತಾಯಿಯ ಹತ್ತಿರ ಹೋಗಿ, "ಬರ್ಕೋಬೇಡಿ ಅಕ್ಕ, ಸ್ವಲ್ಪ ಹೊತ್ತು ಇರಿ" ಅಂದೆ. ಗಂಡನಿಗೆ ಹೇಳಿದೆ, "ಮನೆಗೆ ಹೋಗಿ ಏಣಿ ತನ್ನಿ. ಮಿಕ್ಕಿದ ಆಯಿಲ್ ಪೇಂಟೂ ತನ್ನಿ."

ಬಕೆಟ್ ನೀರು, ಒಂದು ಗೋಣಿಚೀಲ. ತಿಕ್ಕಿದ್ದಕ್ಕೆ ಹೆಸರು, ದೀಪ, ಫೋನ್ ನಂಬರು, 'ಉನ್ನತ ಶಿಕ್ಷಣ' ಎಲ್ಲ ಕಾಲುವೆಗೆ ಇಳಿದು ಹೋದವು. 'ಕಡಿಮೆ ಶುಲ್ಕ'ದ ಹತ್ತಿರ ಬಂದಾಗ ಇವರು ನನ್ನ ಕೈ ಹಿಡಿದರು.

"ಅದಿರ್ಲಿ. ಅಕ್ಷರ ಚೆನ್ನಾಗಿದೆ. ಮೇಲೆ ಸರ್ಕಾರಿ ಕಾಲೇಜು, ಡಿಪೋ ಹಿಂದೆ ಅಂತ ಬರೆದ್ರೆ ಅದು ನಿಜ ಆಗುತ್ತೆ." ದಾರಕ್ಕೆ ಸೀಮೆಸುಣ್ಣ ಹಚ್ಚುತ್ತಾ ನಿಂತು, ಅಭ್ಯಾಸಬಲದಿಂದ ಕೇಳಿದರು, "ಕೂಲಿ ಯಾರು ಕೊಡ್ತಾರೆ?"

ನಾನು ಅವರ ಕಿವಿಯ ಮೇಲಿಂದ ಸೀಮೆಸುಣ್ಣದ ತುಂಡು ಎತ್ತಿಕೊಂಡು, ಮೊದಲ ಅಕ್ಷರದ ಅಂಚನ್ನು ನಾನೇ ಎಳೆದೆ. ಅವರು ಪೇಂಟಿನ ಡಬ್ಬದ ಮುಚ್ಚಳ ತೆಗೆದು, ಬಣ್ಣ ತುಂಬಲು ನನ್ನ ಹಿಂದೆ ಬಂದು ನಿಂತರು.